ಮೇಲಿನದನ್ನು ಇಳಿಸದೆ ಕೆಳಗಿನದು ಸಿಗಲಿ



ಇವತ್ತಿನ ಮಾತು ಡಬ್ಬಿಗಳ ಬಗ್ಗೆ. ನಟ್ಟು, ಬೋಲ್ಟು, ವಾಷರು, ಮೊಳೆ, ತಿರುಪು ತುಂಬಿದ ಡಬ್ಬಿಗಳು. ಇಕ್ಕಟ್ಟಾದ ಅಂಗಡಿಯಲ್ಲಿ ಅವನ್ನು ಎಲ್ಲಿ ಇಡಬೇಕು? ಅದಕ್ಕೆ ರ್ಯಾಕು ಹೇಗೆ ಕಟ್ಟಬೇಕು? ಇಷ್ಟೇ ವಿಷಯ. ರೋಣ, ನರಗುಂದ, ಗಜೇಂದ್ರಗಡದ ಕಡೆ ವೆಲ್ಡಿಂಗ್ ಅಂಗಡಿ ಇಟ್ಟವರು, ಗರಾಜಿನವರು, ಕೂರಿಗೆ ಕುಂಟೆ ಮಾಡುವ ಬಡಿಗೇರರು, ಕಮ್ಮಾರರು, ಮಗ್ಗದ ರಿಪೇರಿ ಮಾಡುವವರು ಈಗ ರೇಡಿಯೋ ಹತ್ತಿರ ಇದ್ದರೆ, ಈ ಮಾತು ಮೊದಲು ನಿಮಗೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಜೂನ್ ತಿಂಗಳ ಒಂದು ಮುಂಜಾನೆ ನೆನೆಯಿರಿ. ರಾತ್ರಿ ಮಳೆ ಆಗಿದೆ. ಎರೆ ಭೂಮಿ ಹದಕ್ಕೆ ಬಂದಿದೆ. ಹೆಸರು ಬಿತ್ತಬೇಕು. ರೈತ ಟ್ರ್ಯಾಕ್ಟರಿನ ಕೂರಿಗೆ ಹೇರಿಕೊಂಡು ಅಂಗಡಿ ಮುಂದೆ ಬಂದು ನಿಂತಿದ್ದಾನೆ. ಒಂದು ತಾಳಿನ ಬೋಲ್ಟು ಮುರಿದಿದೆ. "ಲಗೂನ ಕೊಡ್ರಿ ಅಣ್ಣಾರ, ಹದ ಆರತೈತಿ" ಅನ್ನುತ್ತಾನೆ. ಬೋಲ್ಟು ಅಂಗಡಿಯಲ್ಲಿ ಇದೆ. ಇದೆ ಅಂತ ಮಾಲೀಕನಿಗೂ ಗೊತ್ತು. ಆದರೆ ಯಾವ ಡಬ್ಬಿ? ಆ ಡಬ್ಬಿ ಯಾವುದರ ಕೆಳಗೆ? ಹುಡುಗ ನೆಲದ ಮೇಲೆ ಡಬ್ಬಿ ಸುರುವುತ್ತಾನೆ. ಅರ್ಧ ತಾಸು ಹೋಗುತ್ತದೆ. ಹಿಂದೆ ಇನ್ನೂ ನಾಲ್ಕು ಜನ ಸಾಲು ಹಚ್ಚಿರುತ್ತಾರೆ. ಬಹುಪಾಲು ಮಳೆಯನ್ನೇ ನಂಬಿದ ಈ ಮೂರು ತಾಲೂಕುಗಳಲ್ಲಿ ಆ ಅರ್ಧ ತಾಸಿಗೆ ಬೆಲೆ ಇದೆ.

ನಮ್ಮ ಹಿಂದಿನ ಕಮ್ಮಾರನಿಗೆ ಈ ತೊಂದರೆ ಇರಲಿಲ್ಲ. ಕುಲುಮೆ, ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ. ಮೂಲೆಯಲ್ಲಿ ಹಳೆ ಕಬ್ಬಿಣದ ಗುಡ್ಡೆ. ಮೊಳೆ ಬೇಕಾದರೆ ಆಗಲೇ ಬಡಿದು ಮಾಡುತ್ತಿದ್ದ. ಕುಳ ಸವೆದರೆ ಕಾಸಿ ಹಣಿಯುತ್ತಿದ್ದ. ಸುಗ್ಗಿಯಲ್ಲಿ ರೈತ ಕಣದಿಂದ ಆಯ ಕೊಡುತ್ತಿದ್ದ. ಕೂಡಿಡಬೇಕಾದ ಸಾಮಾನೇ ಅವನಲ್ಲಿ ಕಡಿಮೆ.

ಆಮೇಲೆ ಕಾರ್ಖಾನೆಯ ಸಾಮಾನು ಬಂತು. ನರಗುಂದದಿಂದ ಬಹಳ ದೂರವೇನಲ್ಲ, ಗುರ್ಲಹೊಸೂರು. ಅಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮುಂದೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕಾರ್ಖಾನೆಯ ಊರು ಕಟ್ಟಿದರು. ಕಬ್ಬಿಣದ ಒಕ್ಕಲುತನದ ಸಾಮಾನಿನ ಜೊತೆಗೆ ನಟ್ಟು ಬೋಲ್ಟು ಹಳ್ಳಿಗೆ ಇಳಿಯಿತು. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ನರಗುಂದದ ಕಡೆಗೆ ಹರಿಯಿತು. ಟ್ರ್ಯಾಕ್ಟರು, ಟ್ರೇಲರು, ರಾಶಿ ಯಂತ್ರ, ಪಂಪು ಒಂದರ ಹಿಂದೊಂದು ಬಂದವು. ಪ್ರತಿಯೊಂದಕ್ಕೂ ಬೇರೆ ಅಳತೆಯ ತಿರುಪು, ಬೇರೆ ಅಳತೆಯ ಬೋಲ್ಟು.

ಎಷ್ಟು ಬಗೆ ಅಂತ ಸುಮ್ಮನೆ ಲೆಕ್ಕ ಹಾಕೋಣ. ಆರು, ಎಂಟು, ಹತ್ತು, ಹನ್ನೆರಡು, ಹದಿನಾರು ಮಿಲಿಮೀಟರ್. ಇವು ಐದು ದಪ್ಪ. ಒಂದೊಂದರಲ್ಲಿ ನಾಲ್ಕು ಉದ್ದ ಇಟ್ಟರೂ ಇಪ್ಪತ್ತು ಬಗೆಯ ಬೋಲ್ಟು. ಅವಕ್ಕೆ ನಟ್ಟು ಐದು ಬಗೆ, ಸಾದಾ ವಾಷರು ಐದು, ಸ್ಪ್ರಿಂಗ್ ವಾಷರು ಐದು. ಮೂವತ್ತೈದು ಆಯಿತು. ಇನ್ನು ಹಳೆಯ ಇಂಚಿನ ಲೆಕ್ಕದವು. ಎರಡು ಸೂತು, ಮೂರು ಸೂತು, ನಾಲ್ಕು ಸೂತು. ಸೂತು ಅಂದರೆ ಇಂಚಿನ ಎಂಟನೇ ಒಂದು ಪಾಲು. ಇವನ್ನು ಕೂಡಿಸಿದರೆ ಐವತ್ತರ ಹತ್ತಿರ ಬರುತ್ತದೆ. ಇಲ್ಲಿ ಒಂದು ಅಪಾಯ ಇದೆ. ಮೂರು ಸೂತಿನ ಬೋಲ್ಟು ಒಂಬತ್ತೂವರೆ ಮಿಲಿಮೀಟರ್ ಮಾತ್ರ. ಅದನ್ನು ಹತ್ತು ಮಿಲಿಮೀಟರ್ ನಟ್ಟಿಗೆ ಹಾಕಿದರೆ ಹೋಗುತ್ತದೆ. ಆದರೆ ಸಡಿಲ ಕೂರುತ್ತದೆ. ಹಲ್ಲು ಹಿಡಿಯುವುದಿಲ್ಲ. ಅಂಗಡಿಯಲ್ಲಿ ಸರಿ ಕಂಡದ್ದು ಹೊಲದ ನಡುವೆ ಕಳಚಿ ಬೀಳುತ್ತದೆ. ಈ ಎರಡು ಒಂದೇ ಡಬ್ಬಿಯಲ್ಲಿ ಕಲೆಯಬಾರದು. ಹಾಗಾಗಿ ಐವತ್ತು ಡಬ್ಬಿ ಇಡುವುದು ಸುಮ್ಮನೆ ಮಾಡುವ ಆಡಂಬರ ಅಲ್ಲ. ಕೆಲಸವೇ ಅಷ್ಟು ಕೇಳುತ್ತದೆ.

ಈವರೆಗೆ ಹೇಳಿದ್ದು ಇಷ್ಟು. ಸಾಮಾನಿನ ಬಗೆ ಹೆಚ್ಚಿದೆ, ಅಂಗಡಿ ಹಿಗ್ಗಿಲ್ಲ. ಹತ್ತು ಅಡಿಗೆ ಹನ್ನೆರಡು ಅಡಿ ಜಾಗ. ಅದರಲ್ಲೇ ವೆಲ್ಡಿಂಗ್ ಯಂತ್ರ, ಕೊರೆಯುವ ಯಂತ್ರ, ಗ್ಯಾಸಿನ ಸಿಲಿಂಡರು, ರಿಪೇರಿಗೆ ಬಂದ ಕುಂಟೆ. ಹಾಗಾದರೆ ಡಬ್ಬಿಗೆ ಜಾಗ ಎಲ್ಲಿ? ಗೋಡೆಯ ಮೇಲೆ. ಇದು ನಮಗೆ ಹೊಸ ಬುದ್ಧಿ ಅಲ್ಲ. ನಮ್ಮ ಹಳೆ ಮನೆಗಳನ್ನೇ ನೋಡೋಣ.

ಈ ಸೀಮೆಯ ಮಾಳಿಗೆ ಮನೆ ಹಿರಿಯರಿಗೆ ನೆನಪಿರುತ್ತದೆ. ದಪ್ಪ ಮಣ್ಣಿನ ಗೋಡೆ. ಗೋಡೆಯಲ್ಲಿ ದೀಪಕ್ಕೆ ಮಾಡ. ಬಟ್ಟೆಗೆ, ಚೀಲಕ್ಕೆ ಗೂಟ. ಮೇಲೆ ಹಲಗೆಯ ನಾಗೊಂದಿಗೆ. ತೊಲೆಯಿಂದ ಇಳಿಬಿಟ್ಟ ನೆಲುವು, ಅದರಲ್ಲಿ ಹಾಲು ಬೆಣ್ಣೆ. ಜೋಳಕ್ಕೆ ನೆಲದೊಳಗೆ ಹಗೇವು. ಇನ್ನು ಅಡುಗೆಮನೆಯ ಗೋಡೆಗೆ ಒರಗಿದ ಅಡಕಲ ಗಡಿಗೆ. ನೋಡದ ಎಳೆಯರಿಗೆ ಹೇಳುತ್ತೇನೆ. ಎಲ್ಲಕ್ಕಿಂತ ಕೆಳಗೆ ಸಿಂಬಿಯ ಮೇಲೆ ದೊಡ್ಡ ಹರವಿ. ಅದರ ಬಾಯಿಯ ಮೇಲೆ ಅದಕ್ಕಿಂತ ಸಣ್ಣ ಗಡಿಗೆ. ಅದರ ಮೇಲೆ ಇನ್ನೂ ಸಣ್ಣದು. ತುದಿಯಲ್ಲಿ ಕುಡಿಕೆ, ಮೇಲೊಂದು ಮುಚ್ಚಳ. ಆಳೆತ್ತರಕ್ಕೆ ಸಾಲು ಸಾಲಾಗಿ ನಿಂತಿರುತ್ತಿದ್ದವು. ಒಂದು ಗಡಿಗೆಗೆ ಹಿಡಿಯುವ ನೆಲದಲ್ಲಿ ಐದಾರು ಗಡಿಗೆ. ಒಂದರ ತಳವೇ ಇನ್ನೊಂದರ ಮುಚ್ಚಳ. ಇರುವೆ, ಇಲಿಗೆ ದಾರಿ ಇಲ್ಲ.

ಮನೆಯ ಹೆಣ್ಣುಮಕ್ಕಳು ಅದಕ್ಕೊಂದು ಕ್ರಮ ಇಟ್ಟಿದ್ದರು. ಮುಂದಿನ ಬಿತ್ತನೆಗೆ ತೆಗೆದಿಟ್ಟ ಬೀಜ ಕೆಳಗೆ. ಅದನ್ನು ವರ್ಷಕ್ಕೊಮ್ಮೆ ಮುಟ್ಟಿದರಾಯಿತು. ದಿನಾ ಬೇಕಾಗುವ ಬೇಳೆ, ಉಪ್ಪು, ಖಾರ ಮೇಲೆ. ಭಾರ ಕೆಳಗೆ, ಹಗುರ ಮೇಲೆ. ಉಗ್ರಾಣದ ಶಾಸ್ತ್ರದಲ್ಲಿ ಇವತ್ತು ಕಲಿಸುವ ಎರಡು ದೊಡ್ಡ ನಿಯಮಗಳು ಇವೇ. ನಮ್ಮ ಅಜ್ಜಿಯರು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ಅವನ್ನು ನಡೆಸಿದ್ದರು. ಅವರ ಹೆಸರು ಎಲ್ಲೂ ಬರೆದಿಟ್ಟಿಲ್ಲ ಎಂಬ ಕೊರಗು ನನಗಿದೆ.

ಆದರೆ ಅಡಕಲಿಗೆ ಒಂದು ಮಿತಿ ಇದೆ. ಕೆಳಗಿನ ಹರವಿಗೆ ಕೈ ಹಾಕಬೇಕಾದರೆ ಮೇಲಿನ ಐದನ್ನೂ ಇಳಿಸಬೇಕು. ಅಡುಗೆಮನೆಯಲ್ಲಿ ಅದು ನಡೆಯಿತು. ಗರಾಜಿನಲ್ಲಿ ನಡೆಯುವುದಿಲ್ಲ. ಗರಾಜಿನಲ್ಲಿ ಯಾವ ಡಬ್ಬಿ ಯಾವ ಗಳಿಗೆಗೆ ಬೇಕಾಗುತ್ತದೋ ಹೇಳಲು ಬರುವುದಿಲ್ಲ. ಇವತ್ತು ನಮ್ಮ ಅಂಗಡಿಗಳಲ್ಲಿ ಡಬ್ಬಿಯ ಮೇಲೆ ಡಬ್ಬಿ ಹೇರಿ ಇಡುವುದು ಅಡಕಲೇ. ಆದರೆ ಅಜ್ಜಿಯ ಕ್ರಮ ಇಲ್ಲದ ಅಡಕಲು. ಹಾಗಾಗಿ ನಮ್ಮ ರ್ಯಾಕಿಗೆ ಒಂದೇ ಒಂದು ನಿಯಮ ಹಾಕಿಕೊಳ್ಳೋಣ. ಮೇಲಿನದನ್ನು ಇಳಿಸದೆ ಕೆಳಗಿನದು ಕೈಗೆ ಸಿಗಬೇಕು.

ಈ ನಿಯಮವನ್ನು ಪೂರ್ತಿ ಪಾಲಿಸಿದ ಒಂದು ಕಸುಬು ನಮ್ಮ ಜಿಲ್ಲೆಯಲ್ಲೇ ಇತ್ತು. ಗದಗಿನ ಅಚ್ಚುಕೂಟ. ಗದಗಕ್ಕೆ ಮುದ್ರಣಕಾಶಿ ಎಂಬ ಹೆಸರಿದೆ. ಕೈಯಿಂದ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅಲ್ಲಿ ಕೆಲಸ ಮಾಡಿದ ಹಿರಿಯರು ನಿಮ್ಮಲ್ಲಿ ಇರಬಹುದು. ಇಂಗ್ಲಿಷಿಗೆ ಎರಡು ಕೇಸು, ಅಂದರೆ ಮೊಳೆ ಇಡುವ ಎರಡು ತಟ್ಟೆ, ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಸೇರಿ ಕೆಲವು ನೂರು ಬಗೆಯ ಮೊಳೆ ಬೇಕು. ಅವನ್ನು ತೆಳ್ಳನೆಯ, ಅಗಲವಾದ ಮರದ ತಟ್ಟೆಗಳಲ್ಲಿ ಇಡುತ್ತಿದ್ದರು. ತಟ್ಟೆಯಲ್ಲಿ ಸಣ್ಣ ಸಣ್ಣ ಮನೆ. ಹೆಚ್ಚು ಬಳಸುವ ಅಕ್ಷರಕ್ಕೆ ಕೈಗೆ ಹತ್ತಿರದ ಮನೆ, ಅಪರೂಪದ್ದಕ್ಕೆ ದೂರದ್ದು. ತಟ್ಟೆಗಳೆಲ್ಲ ಒಂದೇ ಅಳತೆ. ಮರದ ಚೌಕಟ್ಟಿನಲ್ಲಿ ಎರಡೂ ಪಕ್ಕಕ್ಕೆ ಪಟ್ಟಿ ಹೊಡೆದು, ಒಂದರ ಕೆಳಗೆ ಒಂದನ್ನು ಜಾರಿಸಿ ಇಡುತ್ತಿದ್ದರು. ಎಂಟನೆಯದು ಬೇಕಾದರೆ ಎಂಟನೆಯದನ್ನೇ ಎಳೆದರಾಯಿತು. ಮೇಲಿನ ಏಳು ತಮ್ಮ ಜಾಗದಲ್ಲೇ ಇರುತ್ತಿದ್ದವು. ಅಡಕಲು ಜಾಗ ಉಳಿಸಿತು. ಅಚ್ಚುಕೂಟದ ಚೌಕಟ್ಟು ಜಾಗವನ್ನೂ ಉಳಿಸಿತು, ಹೊತ್ತನ್ನೂ ಉಳಿಸಿತು. ನಾವು ಕಟ್ಟಬೇಕಾದದ್ದು ಅಂಥದು. ಮರದ ಬದಲು ಆಂಗಲ್, ಮರದ ತಟ್ಟೆಯ ಬದಲು ಎಣ್ಣೆ ಡಬ್ಬಿ.

ಈಗ ಕಟ್ಟುವ ಕೆಲಸ. ಕೈಯಲ್ಲಿ ಸೀಸಕಡ್ಡಿ ಇದ್ದರೆ ಬರೆದುಕೊಳ್ಳಿ.

ಮೊದಲು ತಟ್ಟೆ. ಹದಿನೈದು ಕಿಲೋ ಅಡುಗೆ ಎಣ್ಣೆಯ ಚೌಕ ಡಬ್ಬಿ ಎಲ್ಲ ಊರಿನ ಖಾನಾವಳಿ, ಮಿರ್ಚಿ ಅಂಗಡಿಯಲ್ಲೂ ಸಿಗುತ್ತದೆ. ಅಗಲ ಒಂಬತ್ತೂಕಾಲು ಇಂಚಿನಷ್ಟು, ಎತ್ತರ ಹದಿಮೂರೂವರೆ ಇಂಚಿನಷ್ಟು. ಕೈ ಲೆಕ್ಕದಲ್ಲಿ ಒಂದು ಗೇಣು ಅಗಲ, ಒಂದೂವರೆ ಗೇಣು ಉದ್ದ. ಡಬ್ಬಿಯನ್ನು ಮಲಗಿಸಿ. ತಗಡು ಕತ್ತರಿಯಿಂದ ಉದ್ದಕ್ಕೆ ಸರಿಯಾಗಿ ಎರಡು ಹೋಳು ಮಾಡಿ. ಒಂದು ಡಬ್ಬಿಗೆ ಎರಡು ತಟ್ಟೆ. ಒಂದೊಂದರ ಆಳ ನಾಲ್ಕೂವರೆ ಇಂಚು. ಕತ್ತರಿಸಿದ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ ಬಡಿಯಿರಿ. ಕೈ ಕೊಯ್ಯುವುದಿಲ್ಲ, ತಟ್ಟೆಯೂ ಗಟ್ಟಿ ಆಗುತ್ತದೆ. ಬಾಯಿ ಇದ್ದ ಕಡೆ ಹಿಂದಕ್ಕೆ ಇರಲಿ, ಡಬ್ಬಿಯ ತಳ ಮುಂದಕ್ಕೆ.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಅಡುಗೆ ಎಣ್ಣೆಯ ಡಬ್ಬಿಯನ್ನೇ ತೆಗೆದುಕೊಳ್ಳಿ. ಥಿನ್ನರು, ಪೆಟ್ರೋಲು, ಬಣ್ಣ ಇದ್ದ ಡಬ್ಬಿ ಬೇಡ. ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಗ್ಯಾಸು, ವೆಲ್ಡಿಂಗ್, ಗ್ರೈಂಡರಿನ ಕಿಡಿ ತಗುಲಿದರೆ ಸಿಡಿಯುತ್ತದೆ. ಕೀಟನಾಶಕದ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ಅಡುಗೆ ಎಣ್ಣೆಯದನ್ನೂ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಕತ್ತರಿಯಿಂದಲೇ ಕತ್ತರಿಸಿ.

ತಟ್ಟೆ ಆಯಿತು. ಇನ್ನು ಚೌಕಟ್ಟು. ಮನಸ್ಸಿನಲ್ಲಿ ಒಂದು ಗೋಡೆ ತಂದುಕೊಳ್ಳಿ. ಗೋಡೆಯ ಉದ್ದಕ್ಕೆ ಆರು ಅಡಿ ಎತ್ತರದ ಐದು ಕಂಬ. ಒಂದು ಇಂಚಿನ ಆಂಗಲ್ ಸಾಕು. ಕಂಬದಿಂದ ಕಂಬಕ್ಕೆ ನಡುವಿನ ತೆರಪು ಒಂಬತ್ತೂಮುಕ್ಕಾಲು ಇಂಚು. ತಟ್ಟೆ ಸಲೀಸಾಗಿ ಜಾರಲು ಎರಡೂ ಕಡೆ ಕಾಲು ಇಂಚು ಬಿಟ್ಟಂತೆ ಆಗುತ್ತದೆ. ಈ ಐದು ಕಂಬದ ಹಿಂದೆ, ಒಂದೂಕಾಲು ಅಡಿ ಬಿಟ್ಟು, ಅಂಥದೇ ಇನ್ನೂ ಐದು. ಮೇಲೆ, ಕೆಳಗೆ, ನಡುವೆ ಅಡ್ಡ ಪಟ್ಟಿ ಹಾಕಿ ಬಿಗಿಯಿರಿ. ಬೆನ್ನಿಗೆ ಒಂದು ಓರೆ ಪಟ್ಟಿ ಹಾಕದೆ ಬಿಡಬೇಡಿ. ಅದಿಲ್ಲದಿದ್ದರೆ ಇಡೀ ಚೌಕಟ್ಟು ಪಕ್ಕಕ್ಕೆ ವಾಲುತ್ತದೆ.

ಈಗ ತಟ್ಟೆ ಕೂರುವ ಹಳಿ. ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ, ಎರಡೂ ಪಕ್ಕಕ್ಕೆ, ಸಣ್ಣ ಆಂಗಲ್ ತುಂಡು. ತಟ್ಟೆಯ ಎರಡು ಅಂಚು ಇದರ ಮೇಲೆ ಕೂರುತ್ತವೆ. ಹಲಗೆ ಬೇಕಿಲ್ಲ, ತಗಡಿನ ಅಂತಸ್ತು ಬೇಕಿಲ್ಲ. ಇದರಲ್ಲೇ ಜಾಗವೂ ದುಡ್ಡೂ ಉಳಿಯುವುದು. ಹಳಿಗೆ ಬೇಕಾದದ್ದು ಒಂದೂವರೆ ಗೇಣಿಗೆ ತುಸು ಹೆಚ್ಚಿನ ತುಂಡು. ಟ್ರೇಲರು, ಕಿಟಕಿ ಮಾಡುವಾಗ ಕತ್ತರಿಸಿ ಮೂಲೆಗೆ ಎಸೆದ ಇಂಥ ತುಂಡುಗಳು ನಿಮ್ಮ ಅಂಗಡಿಯಲ್ಲೇ ಬಿದ್ದಿರುತ್ತವೆ. ಗುಜರಿಗೆ ಹಾಕುವ ಮುಂಚೆ ಆರಿಸಿಕೊಳ್ಳಿ.

ಮೊದಲ ಹಳಿ ನೆಲದಿಂದ ಒಂದು ಅಡಿ ಮೇಲೆ ಇರಲಿ. ಕೆಳಗೆ ಕಸ ಹೊಡೆಯಲು ಬರಬೇಕು, ಥಂಡಿ ಏರಬಾರದು. ಆಮೇಲೆ ಐದೂವರೆ ಇಂಚಿಗೆ ಒಂದು. ಪ್ರತಿ ಸಲ ಅಳೆಯಲು ಹೋಗಬೇಡಿ. ಐದೂವರೆ ಇಂಚು ಅಂತರ ಕೊಡುವ ಒಂದು ಕಟ್ಟಿಗೆ ತುಂಡು ಮಾಡಿಕೊಳ್ಳಿ. ಅದನ್ನು ಕೆಳಗಿನ ಹಳಿಯ ಮೇಲೆ ಇಟ್ಟು ಮೇಲಿನದಕ್ಕೆ ಟಾಕಾ ಹಾಕಿ. ಇನ್ನೊಂದು ಮಾತು. ಹಳಿಯ ಹಿಂದಿನ ತುದಿ ಮುಂದಿನದಕ್ಕಿಂತ ಕಾಲು ಇಂಚು ಕೆಳಗಿರಲಿ. ಅಂಗಡಿಯಲ್ಲಿ ದಿನವೆಲ್ಲ ಸುತ್ತಿಗೆ ಬೀಳುತ್ತದೆ, ಗ್ರೈಂಡರು ಓಡುತ್ತದೆ. ಆ ಅದುರಿಗೆ ತಟ್ಟೆ ಮುಂದಕ್ಕೆ ತೆವಳಿ ಬೀಳದಂತೆ ಈ ಇಳುಕಲು ಹಿಡಿಯುತ್ತದೆ.

ಲೆಕ್ಕ ನೋಡೋಣ. ಒಂದು ಸಾಲಿಗೆ ಹತ್ತು ತಟ್ಟೆ. ನಾಲ್ಕು ಸಾಲಿಗೆ ನಲವತ್ತು. ಐವತ್ತೂ ಬೇಕಾದವರು ಮುಂದೆ ಇನ್ನೊಂದು ಸಾಲು ಸೇರಿಸಬಹುದು. ಬೇಕಾದ ಎಣ್ಣೆ ಡಬ್ಬಿ ಇಪ್ಪತ್ತು. ಕಬ್ಬಿಣ ಸುಮಾರು ಅರ್ಧ ಕ್ವಿಂಟಲ್. ನಲವತ್ತು ತಟ್ಟೆಯನ್ನು ನೆಲಕ್ಕೆ ಹರವಿದರೆ ಮೂವತ್ತೈದು ಚದರ ಅಡಿ ಬೇಕು. ಈ ರ್ಯಾಕು ಹಿಡಿಯುವುದು ಐದು ಚದರ ಅಡಿ. ಉಳಿದ ಮೂವತ್ತು ಅಡಿಯಲ್ಲಿ ಒಂದು ಕುಂಟೆ ಒಳಗೆ ತಂದು ನಿಲ್ಲಿಸಬಹುದು.

ತಟ್ಟೆ, ಚೌಕಟ್ಟು, ಹಳಿ ಆಯಿತು. ಇನ್ನು ಭಾರದ ಮಾತು. ಕಬ್ಬಿಣದ ಸಣ್ಣ ಸಾಮಾನು ಮೋಸ ಮಾಡುತ್ತದೆ. ಒಂದು ಲೀಟರಿನ ಡಬ್ಬಿ ತುಂಬ ನಟ್ಟು ಹಾಕಿದರೆ ಮೂರು ಕಿಲೋ ಮೀರುತ್ತದೆ. ನಮ್ಮ ತಟ್ಟೆ ತುಂಬಿ ತುಳುಕುವಂತೆ ಹಾಕಿದರೆ ಇಪ್ಪತ್ತೈದು, ಮೂವತ್ತು ಕಿಲೋ ಆದೀತು. ಡಬ್ಬಿಯ ತಗಡು ತೆಳ್ಳಗಿನದು, ನಡುವೆ ಜೋಲುತ್ತದೆ. ಒಂದು ತಟ್ಟೆಗೆ ಹತ್ತು ಕಿಲೋ ಸಾಕು. ದಪ್ಪ ಬೋಲ್ಟಿನ ತಟ್ಟೆಗೆ ತಳದಲ್ಲಿ ಒಂದು ಇಂಚಿನ ಪಟ್ಟಿ ಅಡ್ಡ ಕೊಡಿ.

ಹತ್ತು ಕಿಲೋದಂತೆ ನಲವತ್ತು ತಟ್ಟೆ ಅಂದರೆ ನಾಲ್ಕು ಕ್ವಿಂಟಲ್. ಇದು ನಮ್ಮ ಎರೆ ನೆಲದ ಮೇಲೆ ನಿಲ್ಲಬೇಕು. ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರ ನಿಲ್ಲಿಸಿದ ಕಂಬ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕುಸಿಯುತ್ತದೆ. ರ್ಯಾಕು ಸೊಟ್ಟ ಆದರೆ ತಟ್ಟೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ರ್ಯಾಕು ನಿಲ್ಲುವ ಪಟ್ಟಿಯಷ್ಟಾದರೂ ಎರೆ ತೆಗೆದು ಗರಸು ತುಂಬಿ. ನೀರು ಹಾಕಿ ಧಮ್ಮಸು ಹೊಡೆಯಿರಿ. ಮೇಲೆ ಪರಸಿ ಹಾಸಿ. ಕಂಬದ ತಳಕ್ಕೆ ಅಂಗೈ ಅಗಲದ ಪ್ಲೇಟು ಬೆಸೆಯಿರಿ. ಭಾರವೆಲ್ಲ ಕಾಲಿನ ಮೇಲೆ ಬರಲಿ, ಗೋಡೆಯ ಮೇಲೆ ಬೇಡ.

ಹಾಗಂತ ಗೋಡೆಗೆ ಕಟ್ಟದೆ ಬಿಡಬಾರದು. ಮೇಲಿನ ತಟ್ಟೆಗಳನ್ನು ಒಟ್ಟಿಗೆ ಎಳೆದರೆ ರ್ಯಾಕು ಮುಂದಕ್ಕೆ ಮಗುಚಬಹುದು. ಮಕ್ಕಳು ಹತ್ತಲು ಹೋದರೂ ಅಷ್ಟೇ. ಇಟ್ಟಂಗಿ ಗೋಡೆ ಇದ್ದರೆ ಬೋಲ್ಟು ಹಿಡಿಯುತ್ತದೆ. ಮಣ್ಣಿನ ಗೋಡೆಯಲ್ಲಿ ಯಾವ ಬೋಲ್ಟೂ ನಿಲ್ಲುವುದಿಲ್ಲ. ಅಲ್ಲಿ ಗೋಡೆಯನ್ನು ಆರಪಾರ ಕೊರೆದು ಉದ್ದನೆಯ ಸರಳು ಹಾಕಿ. ಆಚೆ ಬದಿಗೆ ತಟ್ಟೆಯಗಲದ ಪ್ಲೇಟು ಕೊಟ್ಟು ನಟ್ಟು ಬಿಗಿಯಿರಿ. ಮೇಲೆ ಎರಡು ಕಡೆ ಹೀಗೆ ಮಾಡಿದರೆ ಸಾಕು.

ರ್ಯಾಕು ನಿಂತಿತು ಅನ್ನಿ. ನೆಲ ಗಟ್ಟಿ, ಗೋಡೆಗೆ ಬಿಗಿ, ತಟ್ಟೆ ಹಗುರ. ಈಗ ಯಾವುದನ್ನು ಎಲ್ಲಿ ಇಡಬೇಕು? ಇಲ್ಲಿ ಅಜ್ಜಿಯ ಮಾತು, ಅಚ್ಚುಕೂಟದ ಮಾತು ಎರಡೂ ಬೇಕು. ಭಾರದ್ದು ಕೆಳಗೆ. ಅಪರೂಪದ್ದು ತಲೆಯ ಮೇಲೆ. ದಿನಾ ಬೇಕಾಗುವುದು ಎದೆ ಮಟ್ಟಕ್ಕೆ. ಆದರೆ ದಿನಾ ಬೇಕಾಗುವುದು ವರ್ಷವೆಲ್ಲ ಒಂದೇ ಅಲ್ಲ. ಮುಂಗಾರಿಗೆ ಕೂರಿಗೆಯ ಬೋಲ್ಟು. ರಾಶಿಗೆ ಯಂತ್ರದ ಬೆಲ್ಟು, ಬೇರಿಂಗಿನ ಸಾಮಾನು. ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತುವಾಗ ಮತ್ತೆ ಕೂರಿಗೆ. ಗಜೇಂದ್ರಗಡದಲ್ಲಿ ಮಗ್ಗದ ಸಾಮಾನು ಹನ್ನೆರಡು ತಿಂಗಳೂ ಬೇಕು. ನಮ್ಮ ತಟ್ಟೆಗಳೆಲ್ಲ ಒಂದೇ ಅಳತೆ. ಯಾವುದನ್ನು ಯಾವ ಮನೆಗಾದರೂ ತಳ್ಳಬಹುದು. ಹಂಗಾಮು ಬದಲಾದಾಗ ಅರ್ಧ ತಾಸಿನಲ್ಲಿ ರ್ಯಾಕು ಬದಲಾಗುತ್ತದೆ. ತರಹೇವಾರಿ ಬರಣಿ, ಬಾಟಲಿ ಕೂಡಿಹಾಕಿದವರಿಗೆ ಈ ಅನುಕೂಲ ಇಲ್ಲ. ಒಂದೇ ಅಳತೆ ಎಂಬುದನ್ನು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿ.

ಹೆಸರು ಬರೆಯುವುದು ಹೇಗೆ? ಬಣ್ಣದಲ್ಲಿ ಬರೆದದ್ದು ಎಣ್ಣೆ ಕೈಗೆ ಅಳಿಸುತ್ತದೆ. ಓದಲು ಬಾರದ ಹುಡುಗರೂ ಕೆಲಸಕ್ಕೆ ಇರುತ್ತಾರೆ. ಅದಕ್ಕೆ ಒಂದು ಉಪಾಯ. ತಟ್ಟೆಯ ಮುಂಭಾಗಕ್ಕೆ ಒಂದು ತೂತು ಕೊರೆಯಿರಿ. ಒಳಗೆ ಇರುವ ಬೋಲ್ಟನ್ನೇ ಒಂದು ತೆಗೆದು, ಎರಡೂ ಕಡೆ ವಾಷರು ಕೊಟ್ಟು, ಮುಂದಕ್ಕೆ ಚಾಚಿ ಬಿಗಿಯಿರಿ. ಅದೇ ಹಿಡಿಕೆ, ಅದೇ ಹೆಸರು. ಮುರಿದ ಬೋಲ್ಟು ಹಿಡಿದು ಬಂದ ಹುಡುಗ ಪಕ್ಕಕ್ಕೆ ಹಿಡಿದು ನೋಡಬಹುದು. ನಟ್ಟು ತಿರುಗಿಸಿ ನೋಡಬಹುದು. ಸೂತಿನದೋ ಮಿಲಿಮೀಟರಿನದೋ ಅಲ್ಲೇ ಗೊತ್ತಾಗುತ್ತದೆ. ಪಕ್ಕದಲ್ಲಿ ಪಾನಾದ ನಂಬರು ಚಾಣದಿಂದ ಕೊರೆದರೆ ಇನ್ನೂ ಒಳ್ಳೆಯದು. ಹದಿಮೂರು, ಹದಿನೇಳು, ಹತ್ತೊಂಬತ್ತು. ನಮ್ಮವರು ಬೋಲ್ಟನ್ನು ಕರೆಯುವುದೇ ಪಾನಾದ ನಂಬರಿನಿಂದ.

ಪ್ಲಾಸ್ಟಿಕ್ ಬರಣಿಯ ಮುಚ್ಚಳವನ್ನು ಹಲಗೆಯ ಅಡಿಗೆ ತಿರುಪು ಹಾಕಿ, ಬರಣಿ ತೂಗಬಿಡುವ ಪದ್ಧತಿಯೂ ಇದೆ. ಚಂದ ಕಾಣುತ್ತದೆ. ಸ್ಪ್ಲಿಟ್ ಪಿನ್ನು, ರಬ್ಬರ್ ವಾಷರಿನಂಥ ಹಗುರ ಸಾಮಾನಿಗೆ ಸರಿ. ಬೋಲ್ಟು ತುಂಬಿದರೆ ಮುಚ್ಚಳ ಕಿತ್ತು ಬರುತ್ತದೆ. ವೆಲ್ಡಿಂಗಿನ ಕಿಡಿ ಹಾರುವ ಕಡೆ ಅದು ಬೇಡವೇ ಬೇಡ.

ಇಷ್ಟೆಲ್ಲ ಒಂದೇ ಸಲಕ್ಕೆ ಆಗಲಿಕ್ಕಿಲ್ಲ. ಆಗಬೇಕಾಗಿಯೂ ಇಲ್ಲ. ಮಹಾನವಮಿಯ ಖಂಡೆಪೂಜೆಗೆ ಹೇಗೂ ಅಂಗಡಿಯ ಸಾಮಾನೆಲ್ಲ ಹೊರಗೆ ಬರುತ್ತದೆ, ತೊಳೆದು ಒರೆಸಿ ಇಡುತ್ತೀರಿ. ಅವತ್ತು ಗೋಡೆ ಅಳೆದುಕೊಳ್ಳಿ. ಮೊದಲು ಒಂದೇ ಸಾಲು ಮಾಡಿ. ಮುಂದೆ ಎರಡು, ಹಿಂದೆ ಎರಡು ಕಂಬ. ಐದು ಎಣ್ಣೆ ಡಬ್ಬಿ, ಹತ್ತು ತಟ್ಟೆ. ಬಹಳ ಖರ್ಚಾಗುವ ಹತ್ತು ಬಗೆಯನ್ನು ಅದರಲ್ಲಿ ಹಾಕಿ. ಪಕ್ಕದ ಸಾಲಿಗೆ ಎರಡೇ ಕಂಬ ಸೇರಿಸಿದರೆ ಸಾಕು, ಈಗಿನ ಕಂಬ ಎರಡೂ ಕಡೆಗೆ ಆಗುತ್ತದೆ. ಆ ಕಡೆಗೆ ಗೋಡೆಯಲ್ಲಿ ಹನ್ನೊಂದು ಇಂಚಿನಷ್ಟು ಜಾಗ ಬಿಟ್ಟೇ ಮೊದಲ ಕಂಬ ನಿಲ್ಲಿಸಿ.